ಡಿಕ್ಕಿಯೊಳಗಿನ ಹಾಡುಗಾರ

ಕಾರುಗಳಿಗೆ ಸ್ಪೀಕರ್ ಕೂರಿಸುವ ಆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಎಂಬತ್ತಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸು ಇನ್ನೂ ನಲವತ್ತು ದಾಟಿರಲಿಲ್ಲ. ಡಿಕ್ಕಿಯಲ್ಲಿ ಕೂರುವ ದೊಡ್ಡ ಸಬ್‌ವೂಫರಿಗೆ ಸದ್ದು ಕಳಿಸುವ ಆಂಪ್ಲಿಫೈಯರಿನ ಮೇಲೆ ಲೋ-ಪಾಸ್ ಎಂಬ ಪುಟ್ಟ ಗುಂಡಿಯೊಂದಿರುತ್ತದೆ. ಯಾವ ಕಾರು ಬಂದರೂ ಅವಳು ಅದನ್ನು ಎಂಬತ್ತು ಹರ್ಟ್ಸ್ ಆಸುಪಾಸಿಗೇ ತಂದು ನಿಲ್ಲಿಸುತ್ತಿದ್ದುದರಿಂದ ಬಂದ ಹೆಸರು ಅದು.

"ಈ ಗುಂಡಿ ಬಾಗಿಲು ಕಾಯೋ ಆಳಿದ್ದ ಹಾಗೆ. ಗುಡುಗಿನಂಥ ದಪ್ಪ ಸದ್ದನ್ನ ಮಾತ್ರ ಒಳಗೆ ಬಿಡತ್ತೆ. ಹಾಡೋರ ದನಿ ಮುಂದಿನ ಸ್ಪೀಕರಿಗೆ ಸೇರಿದ್ದು. ಹಿಂದೆ ಒಂದು ಪೆಟ್ಟಿಗೆ ಇದೆ ಅಂತಲೇ ಗೊತ್ತಾಗಬಾರದು," ಎಂದು ಗಿರಾಕಿಗಳಿಗೆ ಹೇಳುವಳು.

ಊರಿಗೆಲ್ಲ ಬುದ್ಧಿ ಹೇಳುವವಳನ್ನು ಮನೆಯಲ್ಲಿ ಕೇಳುವವರಿರಲಿಲ್ಲ. ಅಪ್ಪ ಜೀವನವಿಡೀ ಬಸ್ಸು ಓಡಿಸಿ ನಿವೃತ್ತನಾದವನು. ಅವನ ಹಳೇ ಕಾರಿಗೆ ಅವಳು ಅಕ್ಕರೆಯಿಂದ ಹೊಸ ಸ್ಪೀಕರುಗಳನ್ನು ಕೂರಿಸಿದಳು. ಡಿಕ್ಕಿಗೂ ಮುಂದಿನ ಸೀಟಿಗೂ ಓಡಾಡಿ, ಕಣ್ಣು ಮುಚ್ಚಿ ಕೇಳಿ, ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಕೊನೆಗೆ ತೃಪ್ತಿಯಿಂದ ಕೈ ಒರೆಸಿಕೊಂಡಳು.

ಮುಂದಿನ ವಾರ ಅದೇ ಕಾರು ಹತ್ತಿದರೆ, ಹಾಡುಗಾರನನ್ನು ಕಂಬಳಿಯಲ್ಲಿ ಸುತ್ತಿ ಡಿಕ್ಕಿಯೊಳಗೆ ಕೂಡಿಹಾಕಿದ ಹಾಗಿತ್ತು. ನಂಬರ್ ಪ್ಲೇಟು ಗಡಗಡ ನಡುಗುತ್ತಿತ್ತು. ಗುಂಡಿ ಎಂಬತ್ತು ದಾಟಿ ತುದಿಗೇರಿ, ಹಾಡುವವನ ದನಿಯನ್ನೂ ಒಳಗೆ ಬಿಟ್ಟಿತ್ತು.

"ಅಪ್ಪಾ, ಗುಂಡಿ ಮುಟ್ಟಿದ್ಯಾ?"

"ನಾನ್ಯಾಕೆ ಮುಟ್ಟಲಿ? ರಸ್ತೆ ಗುಂಡಿಗೆ ಬಿದ್ದು ಈ ಗುಂಡಿ ತಾನೇ ತಿರುಗಿರತ್ತೆ."

ಸರಿಪಡಿಸಿದಳು. ಮತ್ತೆ ಕೆಟ್ಟಿತು. ಗುಂಡಿಯ ಮೇಲೆ ಟೇಪು ಅಂಟಿಸಿದಳು, ಟೇಪೂ ಮಾಯವಾಯಿತು. "ನಿಮ್ಮಿಬ್ಬರದೂ ಒಂದೇ ಅಚ್ಚು. ಆ ಪೆಟ್ಟಿಗೇನ ನನ್ನ ತಲೆಗೇ ಕಟ್ಟಿಬಿಡಿ," ಎಂದು ಅಮ್ಮ ಗೊಣಗಿದಳು.

ಒಂದು ರಜಾದಿನ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದವಳಿಗೆ, ಕೆಳಗೆ ಡಿಕ್ಕಿಯಿಂದ ಹೊರಚಾಚಿದ ಅಪ್ಪನ ಕಾಲುಗಳು ಕಂಡವು. ಒದ್ದೆ ಟವೆಲ್ ಹೆಗಲಲ್ಲಿದ್ದಂತೆಯೇ ಮೆಟ್ಟಿಲಿಳಿದು ಓಡಿದಳು. ಅಪ್ಪನ ಕೈಯಲ್ಲಿ ಅಡುಗೆಮನೆಯ ಚಾಕು, ಅದರ ತುದಿ ಗುಂಡಿಯ ಸೀಳಿನಲ್ಲಿ.

"ನನ್ನ ಕೆಲಸ ನನಗೇ ಕಲಿಸ್ತೀಯಾ? ನಿನ್ನ ಬಸ್ಸಿನ ಸ್ಟಿಯರಿಂಗಿಗೆ ನಾನ್ಯಾವತ್ತಾದ್ರೂ ಕೈ ಹಾಕಿದ್ನಾ?"

ಅಪ್ಪ ಚಾಕುವನ್ನು ಬೆನ್ನ ಹಿಂದೆ ಮರೆಮಾಡಿಕೊಂಡ. "ನೀನು ಇಟ್ಟ ಜಾಗದಲ್ಲಿ ಹಾಡೋನೇ ನಾಪತ್ತೆ ಕಣೇ."

"ಮುಂದೆ ಹಾಡ್ತಾನಲ್ಲಪ್ಪಾ!"

"ಮುಂದೆ ಯಾರೂ ಹಾಡಲ್ಲ. ಬೆನ್ನಿಗೆ ತಾಗಿದ್ರೇನೇ ಯಾವ ಹಾಡು ಅಂತ ನಂಗೆ ಗೊತ್ತಾಗೋದು."

ಅವನನ್ನು ಸೀಟಿನಲ್ಲಿ ಕೂರಿಸಿ, ಗುಂಡಿಯನ್ನು ಎಂಬತ್ತಕ್ಕೆ ತಂದು, ಅವನಿಗೆ ಬಾಯಿಪಾಠವಾಗಿದ್ದ ಹಾಡೊಂದನ್ನು ಹಾಕಿದಳು. ಮುಂದಿನ ಸ್ಪೀಕರುಗಳಲ್ಲಿ ದನಿ ಗಾಜಿನಷ್ಟು ತಿಳಿಯಾಗಿತ್ತು. ಅಪ್ಪ ಮಾತ್ರ ಭಾಷೆ ಬಾರದ ನೆಂಟನ ಹಾಗೆ ಸುಮ್ಮನೆ ಎದುರಿನ ಗೋಡೆ ನೋಡುತ್ತ ಕೂತಿದ್ದ. ಮಾತುಮಾತಿಗೂ ಅವನು "ಆಂ?" ಎನ್ನುತ್ತಿದ್ದುದನ್ನು ಅಲಕ್ಷ್ಯವೆಂದೇ ಅವಳು ಇಷ್ಟು ದಿನ ತಿಳಿದಿದ್ದಳು. ಪಕ್ಕದಲ್ಲೇ ಬಸ್ಸಿನ ಇಂಜಿನ್ನು ಒಂದು ಆಯುಷ್ಯದಷ್ಟು ಕಾಲ ಅರಚಿದೆ ಎಂದು ಈಗ ಹೊಳೆಯಿತು. ಮರುಕಕ್ಕಿಂತ ಹೆಚ್ಚಾಗಿ ಸಿಟ್ಟು ನೆತ್ತಿಗೇರಿತು.

"ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?"

"ಕಿವಿ ಮಂದ ಅಂದ್ರೆ ನೀನು ಕಾರಿನ ಕೀ ಕಿತ್ಕೊಳ್ತೀಯ."

"ಕಿತ್ಕೊಳ್ತೀನಿ!" ಎಂದವಳೇ ಕೀ ಎಳೆದು ಜೇಬಿಗಿಳಿಸಿದಳು. "ಡಾಕ್ಟ್ರು ಸರಿ ಅನ್ನೋವರೆಗೂ ನೀನು ನಡ್ಕೊಂಡೇ ಓಡಾಡು."

ಅಪ್ಪ ಮುಖ ಗಂಟಿಕ್ಕಿಕೊಂಡು ಮಾತು ಬಿಟ್ಟ. ಅಮ್ಮನ ಮೂಲಕವೇ ಉಪ್ಪು ಕೇಳುವನು. ಕಿವಿ ಡಾಕ್ಟರ ಬಳಿಗೂ, ಕುರಿಯನ್ನು ಎಳೆದುಕೊಂಡು ಹೋದಂತೆ, ಅವಳೇ ಕರೆದೊಯ್ದಳು. ಎರಡೂ ಕಿವಿಗೆ ಯಂತ್ರ ಬಂತು. ಮನೆಯಲ್ಲಿ ಫ್ಯಾನು ಜೋರು, ತಟ್ಟೆ ಜೋರು, ಅಮ್ಮನಂತೂ ವಿಪರೀತ ಜೋರು ಎಂಬ ದೂರು ಶುರುವಾಯಿತು.

ಯಂತ್ರಕ್ಕೆ ಅವನು ಒಗ್ಗಿಕೊಂಡ ಮೇಲೆ ಮತ್ತೆ ಪರೀಕ್ಷಿಸಿದ ಡಾಕ್ಟರು ಕಾರು ಓಡಿಸಬಹುದೆಂದರು. ಆ ಸಂಜೆ ಅವಳು ಕೀ ಕೊಟ್ಟು, ಅದೇ ಹಾಡು ಹಾಕಿದಳು. ಅಪ್ಪ ತಲೆದೂಗುತ್ತ, ತುಟಿ ಆಡಿಸುತ್ತ ಪೂರ್ತಿ ಕೇಳಿದ. ಡಿಕ್ಕಿಯ ಬಳಿ ನಿಂತಿದ್ದ ಅವಳು ಅಲ್ಲಿಂದಲೇ ಕೇಳಿದಳು.

"ಹೇಗಿದೆಯಪ್ಪಾ?"

"ಚೆನ್ನಾಗೇ ಇದೆ. ಆದ್ರೆ ಎಂಬತ್ತು ಸ್ವಲ್ಪ ಜಾಸ್ತಿ ಆಯ್ತು. ಎಪ್ಪತ್ತಕ್ಕಿಡು."

ಎಂಬತ್ತಕ್ಕ ತಲೆಯ ಮೇಲೆ ಕೈಹೊತ್ತು ಡಿಕ್ಕಿಯ ಅಂಚಿನ ಮೇಲೆ ಕುಸಿದು ಕೂತಳು.