ಭಾನುವಾರದ ಫೋನು

ಆಗೆಲ್ಲ ನಮ್ಮ ಬೀದಿಗೆ ಒಂದೇ ಫೋನು. ಸೂರತ್ತಿನಲ್ಲಿ ಅಪ್ಪ ನಡೆಸುತ್ತಿದ್ದ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕ ಅದರ ಠಿಕಾಣಿ. ಭಾನುವಾರ ಸಾಂಬಾರಿಗೆ ಒಗ್ಗರಣೆ ಬೀಳುವ ಹೊತ್ತಿಗೆ ಪಕ್ಕದ ಬೇಕರಿಯ ಇರಾನಿ ಅಜ್ಜಿ ಬಿಸಿ ಬನ್ನಿನ ವಾಸನೆಯೊಂದಿಗೆ ಬಂದು ಕೂರುತ್ತಿದ್ದರು. ಮುಂಬಯಿಯಲ್ಲಿದ್ದ ಅವರ ಅಕ್ಕನ ಫೋನು ಬರಬೇಕಿತ್ತು.

ಧರ್ಮದಲ್ಲಿ ಅಜ್ಜಿಯವರು ಪಾರ್ಸಿಗಳಂತೆಯೇ, ಆದರೆ ಇವರ ಹಿರಿಯರು ಇರಾನಿನ ಯಜ್ದ್‌ನಿಂದ ಬಹಳ ತಡವಾಗಿ ಬಂದವರು. ನಮ್ಮೊಡನೆ ಗುಜರಾತಿ, ಮೊಮ್ಮಕ್ಕಳೊಡನೆಯೂ ಗುಜರಾತಿ. ಅಕ್ಕನೊಡನೆ ಮಾತ್ರ ಯಜ್ದ್‌ನಿಂದ ಬಂದ ಮನೆಮಾತು, ದರಿ. ಗಂಟಲನ್ನು ಉಜ್ಜಿಕೊಂಡು ಬರುವ ಅದರ 'ಖ'ಕಾರವನ್ನು ನಾನು ಮೇಜಿನ ಕೆಳಗೆ ಕಲ್ಲಾಟ ಆಡುತ್ತ ಅಣಕಿಸುತ್ತಿದ್ದೆ. ಅಜ್ಜಿ ಬೈಯಲಿಲ್ಲ, ಕಲಿಸಿದರು. ವೋವ್ ಅಂದರೆ ನೀರು. ಮಸ್ ದೊಡ್ಡದು, ಕಸ್ ಚಿಕ್ಕದು. ನಾನು ನೋಡಿದೆ ಅನ್ನಲು 'ಒಮ್ ದೀ', ನೀನು ನೋಡಿದೆ ಅನ್ನಲು 'ಒದ್ ದೀ'. ನಮ್ಮಲ್ಲಿ ಕ್ರಿಯಾಪದದ ಬಾಲ ಹಿಡಿಯುವ ನಾನು-ನೀನು ಅವರಲ್ಲಿ ಮುಂದೆಯೇ ಬಂದು ನಿಲ್ಲುತ್ತಿದ್ದವು. ನನಗದು ಭಾರಿ ಮೋಜು.

"ಮೊಮ್ಮಕ್ಕಳಿಗೆ ಯಾಕೆ ಕಲಿಸಲಿಲ್ಲ?" ಅಂತ ಕೇಳಿದ್ದೆ.

"ಇರಾನಿನಲ್ಲಿ ಹೊರಗಿನವರಿಗೆ ತಿಳಿಯಬಾರದು ಅಂತ ಮನೆಯೊಳಗೆ ಇದನ್ನೇ ಆಡುತ್ತಿದ್ದರು, ಮಗಳೇ. ಇಲ್ಲಿ ಯಾರಿಂದ ಮುಚ್ಚಿಡಬೇಕು? ಮಕ್ಕಳಿಗೆ ಬೇಡವಾಯಿತು."

ಆ ಚಳಿಗಾಲ ಅಜ್ಜಿಯ ಅಕ್ಕ ತೀರಿಕೊಂಡರು. ಮುಂದಿನ ಭಾನುವಾರವೂ ಅಜ್ಜಿ ಬಂದು ಫೋನಿನ ಪಕ್ಕ ಕೂತರು. ಅಮ್ಮ ಅಜ್ಜಿಯ ಕಾಫಿ ಲೋಟ ನನ್ನ ಕೈಗಿತ್ತು, "ಹೆಣೆ, ಅವ್ರ್ ಹತ್ರ ಹೋಯಿ ಕೂಕೊ" ಅಂದರು.

ನಾನು ಹೋಗಿ ಕೂತೆ. ಹೊರಗೆ ಆಕಾಶದ ತುಂಬ ಗಾಳಿಪಟ. ಅವನ್ನು ತೋರಿಸಿ, "ಒಮ್ ದೀ" ಅಂದೆ.

ಅಜ್ಜಿ ನನ್ನ ಮುಖವನ್ನೇ ನೋಡಿದರು. ಆಮೇಲೆ ದರಿಯಲ್ಲಿ ಏನೋ ಕೇಳಿದರು. ನನಗೆ ಒಂದಕ್ಷರವೂ ತಿಳಿಯಲಿಲ್ಲ, ಆದರೂ ಹೂಂ ಅಂದೆ. ಅವರಿಗೂ ಅದು ಗೊತ್ತಿತ್ತು. ಆದರೂ ಕಾಫಿ ಆರಿ ಕೆನೆ ಕಟ್ಟುವವರೆಗೆ ಮಾತಾಡಿದರು. ನಾನು ಹೂಂಗುಟ್ಟುತ್ತ ಕೂತೆ.

ಈಗ ಆ ಬೇಕರಿ ಇಲ್ಲ, ಅಜ್ಜಿಯೂ ಇಲ್ಲ. ನಾನು ಅಹಮದಾಬಾದಿನ ವಸ್ತ್ರಾಪುರದಲ್ಲಿದ್ದೇನೆ. ಭಾನುವಾರ ವಡೋದರದಿಂದ ನನ್ನಕ್ಕ ಫೋನ್ ಮಾಡುತ್ತಾಳೆ. ನಮ್ಮ ಕುಂದಾಪ್ರ ಕನ್ನಡ ನನ್ನ ಬಾಯಿಗೆ ಬರುವುದು ಆಗ ಮಾತ್ರ. ಆ ಗುಂಗಿನಲ್ಲೇ ಮಗನಿಗೆ ಏನಾದರೂ ಹೇಳಿದರೆ ಅವನು ತಲೆಯೆತ್ತಿ, ಪಾಪ, ಹೂಂ ಅನ್ನುತ್ತಾನೆ. ಎಷ್ಟು ಅರ್ಥವಾಯಿತೆಂದು ನಾನು ಕೇಳುವುದಿಲ್ಲ. ಆ ಹೂಂ ನನಗೆ ಚೆನ್ನಾಗಿ ಗೊತ್ತು.

ಅಕ್ಕ ಈಚೆಗೆ ಬೇಗ ದಣಿಯುತ್ತಾಳೆ. "ಫೋನ್ ಇಡ್ತೆ" ಅಂದಾಗಲೆಲ್ಲ ನನಗೆ ಹೆದರಿಕೆ. "ಅಕ್ಕಾ, ಇನ್ನೊಂಚೂರ್ ಮಾತಾಡ್" ಅನ್ನುತ್ತೇನೆ.