ಕೊನೆಯ ಎಲೆ, ಮೊದಲ ಮಾತು

ಯುಗಾದಿಯ ಮಧ್ಯಾಹ್ನ ಹೋಳಿಗೆ ಉಂಡು ಭಾರವಾದ ಹೊಟ್ಟೆಗಳು ನಡುಮನೆಯ ಜಮಖಾನದ ಮೇಲೆ ಸುತ್ತ ಕೂತವೆಂದರೆ, ಗೆಳೆಯರೇ, ಹುಣಸೆಬೀಜಕ್ಕೆ ಚಿನ್ನದ ಬೆಲೆ ಬರುತ್ತಿತ್ತು. ನಮ್ಮ ಮನೆಯಲ್ಲಿ ಇಸ್ಪೀಟಿಗೆ ಅದೇ ಪಣ; ಮಾವ, ಸೊಸೆ ಎಂಬ ಅಂತರ ವರ್ಷಕ್ಕೊಮ್ಮೆ ಸಡಿಲವಾಗುತ್ತಿದ್ದುದೂ ಅಲ್ಲೇ.

ಎಪ್ಪತ್ತರ ದಶಕದ ಕೊನೆಯ ಮಾತು. ನ್ಯಾಮತಿಗೆ ಸೊಸೆಯಾಗಿ ಬಂದಿದ್ದ ನಾನು ಬಸ್ಸಿಲ್ಲದ ಹಳ್ಳಿಯೊಂದರಲ್ಲಿ ಶಾಲೆಯ ಟೀಚರು. ನಡೆದು ನಡೆದು ಸೋತು, ಬೇಸಿಗೆ ರಜೆ ಮುಗಿದ ಮೇಲೆ ಕೆಲಸ ಬಿಡುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ. ನಾದಿನಿ ಹೈಸ್ಕೂಲಿಗೆ ಹೋಗುತ್ತಿದ್ದ ಸೈಕಲ್ಲು, ಅವಳು ಮದುವೆಯಾಗಿ ಜಗಳೂರು ಸೇರಿದ ಮೇಲೆ ಹಿತ್ತಿಲ ಕೋಣೆಯಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. ಕೇಳಿದಾಗಲೆಲ್ಲ ಮಾವ, ಮಗಳು ತುಳಿದರೆ ಆಟ, ಸೊಸೆ ತುಳಿದರೆ ಊರಿಗೆ ನೋಟ ಎಂದು ನಗುತ್ತಲೇ ತಳ್ಳಿಹಾಕಿದ್ದರು.

ಆ ಯುಗಾದಿಗೆ ಮಿಲಿಟರಿಯಿಂದ ರಜೆಗೆ ಬಂದ ಮೈದುನ ಪೋಕರ್ ಎಂಬ ಹೊಸ ಆಟ ಕಲಿಸಿದ. ತಲಾ ಐದೆಲೆ, ನಾಲ್ಕು ಎಲ್ಲರಿಗೂ ಕಾಣುವಂತೆ, ಕೊನೆಯದು ಮಾತ್ರ ಮುಚ್ಚಿ. ಐದೂ ಒಂದೇ ಜಾತಿಯ ಎಲೆ, ಎಲ್ಲವೂ ಆಟೀನೇ ಆದರೆ ರಾಜರ ಜೋಡಿಯೂ ಅದರ ಮುಂದೆ ಸೋಲು. ಪಣ ಏರಿಸಿದಾಗ ಎದುರಿನವರು ಎಲೆ ಮಗುಚಿಟ್ಟು ಸೋಲೊಪ್ಪಿದರೆ, ಗೆದ್ದವರು ತಮ್ಮ ಎಲೆ ತೋರಿಸಬೇಕಿಲ್ಲ.

ಮಿಕ್ಕವರೆಲ್ಲ ಕೈಬಿಟ್ಟು ನಾನೂ ಮಾವನೂ ಉಳಿದೆವು. ಎರಡನೆಯ ರಾಜ ಬಿದ್ದ ಖುಷಿಗೆ, ಬೀಜ ಮುಗಿದಿದ್ದ ಮಾವ ನನ್ನನ್ನು ಕೆಣಕಲೆಂದೇ ಸೈಕಲ್ಲಿನ ಬೀಗದ ಕೈ ತರಿಸಿ ನಡುವೆ ಇಟ್ಟರು. ನನ್ನ ಮುಂದಿದ್ದವು ನಾಲ್ಕು ಆಟೀನು. ಮುಚ್ಚಿದ ಎಲೆಯನ್ನು ಸೆರಗಿನ ಮರೆಯಲ್ಲಿ ನೋಡಿದೆ: ಕಳಾವರ ಮೂರು. ಕೈಯಲ್ಲಿ ಏನೂ ಇಲ್ಲ. ಮೊದಲು ಮಾತಾಡುವ, ಅಂದರೆ ಪಣ ಏರಿಸುವ ಇಲ್ಲವೇ ಸುಮ್ಮನಿರುವ ಸರದಿಯೂ ನನ್ನದೇ.

ಕೊನೆಗೆ ಮಾತಾಡುವವರಿಗೆ ಉಳಿದವರ ಮುಖಗಳೇ ದೀಪ. ಮೊದಲು ಮಾತಾಡುವವರು ಕತ್ತಲಲ್ಲೇ ಕಾಲಿಡಬೇಕು. ಆ ಮನೆಗೆ ಬಂದಾಗಿನಿಂದ ಎಲ್ಲರ ಮುಖ ನೋಡಿ ಕೊನೆಗೇ ಬಾಯಿ ತೆರೆದವಳು ನಾನು. ಆದರೆ ಆ ಗಳಿಗೆಯಲ್ಲಿ ಸುಮ್ಮನಿದ್ದರೆ ನನ್ನ ಮೌನವೇ ಆ ಎಲೆಯನ್ನು ತೆರೆದು ತೋರಿಸಿಬಿಡುತ್ತಿತ್ತು.

ಇದ್ದ ಬೀಜವನ್ನೆಲ್ಲ ಮುಂದೆ ತಳ್ಳಿದೆ. “ನಿಮ್ಮತ್ರ ಬೀಜ ಇಲ್ದಿದ್ರೆ ಇರ್ಲಿ ಬಿಡ್ರಿ, ಮಾವಾರೆ. ಸೋತೋರು ಬರೋ ಯುಗಾದಿ ಮಟ ದಿನಾ ರೊಟ್ಟಿ ತಟ್ಟಬೇಕು.”

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ದಿನವೂ ತಟ್ಟುವ ನನಗೆ ಸೋತರೂ ಹೊಸದೇನಿತ್ತು! ಮಾವ ನನ್ನ ಮುಖವನ್ನೂ ಅಡುಗೆಮನೆಯ ಬಾಗಿಲನ್ನೂ ಮತ್ತೆ ಮತ್ತೆ ನೋಡಿದರು. ನನ್ನ ಎದೆ ಹೊಡೆದುಕೊಳ್ಳುವುದು ಅವರಿಗೆ ಕೇಳಿಸಬಾರದೆಂದು ಬಳೆ ಸರಿಪಡಿಸಿಕೊಂಡೆ.

“ನಿನ್ನ ಕೈಯಾಗೆ ಐತೆ ಬಿಡವ್ವಾ,” ಎಂದು ಮಾವ ರಾಜರನ್ನು ಮಗುಚಿಟ್ಟರು.

ತಡೆಯಲಾರದ ಅತ್ತೆ ನನ್ನ ಎಲೆಯನ್ನು ಕಿತ್ತು ತಿರುಗಿಸಿದರು. ಬಡಪಾಯಿ ಕರೀ ಮೂರು. ಮಾವ ಅದನ್ನೇ ದಿಟ್ಟಿಸಿ, ಆಮೇಲೆ ಹೆಗಲು ಕುಣಿಯುವಂತೆ ನಕ್ಕರು. ಸಂಜೆಯೊಳಗೆ ತಾವೇ ಗೋಣಿಚೀಲ ತೆಗೆದು, ಗಾಳಿ ಹೊಡೆಸಿ, ಹೋದಲ್ಲೆಲ್ಲ ತಮ್ಮ ಸೋಲನ್ನು ಗೆಲುವಿನಂತೆ ಸಾರಿ ಬಂದಿದ್ದರು.

ಮಾರನೆಯ ಬೆಳಗ್ಗೆ ಊರಾಚೆಯ ಶಾಲೆಯ ದಾರಿಯಲ್ಲಿ ಪಂಚೆ ಎತ್ತಿಕಟ್ಟಿ, ಸೀಟು ಹಿಡಿದು ನನ್ನ ಹಿಂದೆ ಓಡಿದರು.

“ಹಿಡ್ಕಂಡೀರೇನ್ರಿ ಮಾವ?”

“ಹಿಡ್ಕಂಡೀನಿ, ಮುಂದೆ ನೋಡವ್ವಾ.”

ಇನ್ನಷ್ಟು ತುಳಿದು ಮತ್ತೆ ಕೇಳಿದೆ. “ಹಿಡ್ಕಂಡೇ ಅದೀನಿ,” ಎಂಬ ದನಿ ಬಂದದ್ದು ನಾನು ಆಗಲೇ ದಾಟಿದ್ದ ಮೋರಿಯ ಕಟ್ಟೆಯ ಮೇಲಿಂದ. ಅಲ್ಲಿ ಅವರು ಆರಾಮವಾಗಿ ಕೂತಿದ್ದರೆಂದು ತಿಳಿಯುವಷ್ಟರಲ್ಲಿ ನನ್ನ ಶಾಲೆಯ ಹೆಂಚು ಕಾಣಿಸುತ್ತಿತ್ತು.