ಇಂಚಜ್ಜಿಯ ಟೇಪು

ಇಂಚಜ್ಜಿಯ ಮುತ್ತಜ್ಜ ಬೀದಿಯಲ್ಲಿ ಹೋಗುವವನನ್ನು ಒಮ್ಮೆ ನೋಡಿದರೆ ಸಾಕು, ಕಣ್ಣಳತೆಯಲ್ಲೇ ಕೋಟು ಹೊಲಿದಿಡುತ್ತಿದ್ದ. ಅವಳ ಅಜ್ಜಿ, ಬಿರುಗಾಳಿಗೆ ಹರಿದ ಸರ್ಕಸ್ ಡೇರೆಯನ್ನು ಒಬ್ಬಳೇ ಕೂತು ಮೂರು ದಿನದಲ್ಲಿ ಹೊಲಿದು ಮುಗಿಸಿದವಳು. ಅಪ್ಪನ ಸಾಧನೆ ಬೇರೆ ತರದ್ದು. ಅಂಗಿಯೊಂದಕ್ಕೆ ಎರಡೂ ಕಡೆ ಎಡಗೈ ತೋಳನ್ನೇ ಕೂಡಿಸಿ, ಈಗ ಇದೇ ಫ್ಯಾಷನ್ ಎಂದು ಗಿರಾಕಿಯನ್ನು ಒಪ್ಪಿಸಿ ಕಳಿಸಿದ್ದ. ಇಂಥ ಮನೆತನದವಳು ನಮ್ಮ ಇಂಚಜ್ಜಿ. ಕೊರಳಲ್ಲಿ ಸದಾ ಅಳತೆ ಟೇಪು ನೇತಾಡುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರು ಅದು.

ಆರು ವರ್ಷದ ಮೊಮ್ಮಗಳಿಗೆ ಲೆಕ್ಕ ಕಲಿಸುವ ಹೊಣೆಯನ್ನು ಅವಳೇ ಮೈಮೇಲೆ ಎಳೆದುಕೊಂಡಿದ್ದಳು. ಪುಸ್ತಕವಿಲ್ಲ, ಬರೀ ಆಟ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹತ್ತು ಗುಂಡಿ ಹರಡಿ, ಕೆಲವನ್ನು ಬಟ್ಟಲಿನಡಿ ಮುಚ್ಚಿ, "ಒಳಗೆಷ್ಟಿವೆ ಹೇಳೇ ಮರಿ" ಎನ್ನುವಳು. ಗೆದ್ದರೆ ಹೊಲಿಗೆ ಯಂತ್ರದ ಚಕ್ರ ತಿರುಗಿಸಬಹುದು, ಸೋತರೆ ಸೂಜಿಗೆ ದಾರ ಪೋಣಿಸಬೇಕು. ಸೂಜಿಯ ಕಣ್ಣು ಅಜ್ಜಿಗೆ ಕಾಣದು. ದಾರ ಮುಗಿದಾಗೆಲ್ಲ ಲೆಕ್ಕ ಅದೇಕೋ ಕಠಿಣವಾಗುತ್ತಿತ್ತು. ಇನ್ನೊಂದು ಅಳತೆಯಾಟ: ಪೊರಕೆ, ಬೆಕ್ಕಿನ ಬಾಲ, ಅಜ್ಜಿಯ ಮೂಗು, ಎಲ್ಲಕ್ಕೂ ಮೊದಲು ಅಂದಾಜು, ಆಮೇಲೆ ಟೇಪು.

ವರ್ಷದ ಕೊನೆಗೆ ಶಾಲೆಯ ಟೀಚರ್ ಇಂಚಜ್ಜಿಯ ಹೊಲಿಗೆ ಅಂಗಡಿಗೇ ಬಂದರು.

"ಅಜ್ಜಿ, ಕೂಡೋದು ಕಳೆಯೋದು ಚೆನ್ನಾಗಿ ಮಾಡ್ತಾಳೆ. ಅಳತೆ ಮಾತ್ರ ಒಂದೂ ಸರಿಯಿಲ್ಲ. ಸೋಮವಾರ ಇನ್ನೊಂದ್ಸಲ ಪರೀಕ್ಷೆ. ಅದ್ರಲ್ಲೂ ತಪ್ಪಿದ್ರೆ ಮತ್ತೆ ಒಂದನೇ ಕ್ಲಾಸಲ್ಲೇ ಕೂರ್ಬೇಕಾಗುತ್ತೆ."

ಬೇರೆ ಯಾವುದರಲ್ಲಿ ತಪ್ಪಿದ್ದರೂ ಸರಿ, ಅಳತೆಯಲ್ಲಿ ಎಂದೊಡನೆ ಇಂಚಜ್ಜಿಗೆ ಮೂಗು ಕೊಯ್ದಂತಾಯಿತು.

"ನಮ್ಮನೆ ಮಗು ಅಳತೆ ತಪ್ಪುತ್ತಾ? ನಿಮ್ಮ ಸ್ಕೇಲೇ ಸೊಟ್ಟಗಿರ್ಬೇಕು, ನೋಡ್ಕೊಳ್ಳಿ."

"ಆರಿಂಚು ಪೆನ್ಸಿಲ್ಲಿಗೆ ಐದು ಅಂತಾಳೆ. ಎಂಟಕ್ಕೆ ಏಳು."

ಮೊಮ್ಮಗಳು ಇಬ್ಬರನ್ನೂ ಕನಿಕರದಿಂದ ನೋಡಿದಳು. "ಒಂದು ಕಳೀಬೇಕಲ್ವಾ ಅಜ್ಜಿ? ನೀನು ದಿನಾ ಕಳೀತೀಯಲ್ಲ."

ಇಂಚಜ್ಜಿಯ ಕೈ ಕೊರಳಿಗೆ ಹೋಯಿತು. ತುದಿ ಸವೆದು ನೂಲೆದ್ದಿತೆಂದು ಎಷ್ಟೋ ವರ್ಷದ ಹಿಂದೆ ಟೇಪಿನ ಮೊದಲ ಇಂಚನ್ನು ಅವಳೇ ಕತ್ತರಿಸಿ ಎಸೆದಿದ್ದಳು. ಅಂದಿನಿಂದ ಅದು ಒಂದರಿಂದಲೇ ಶುರು. ಕಂಡ ಅಂಕಿಯಲ್ಲಿ ಒಂದು ಕಳೆದು ಹೇಳುವುದು ಅವಳಿಗೆ ರೆಪ್ಪೆ ಬಡಿದಷ್ಟು ಸಲೀಸು. ಮಗುವಿಗೂ ಕಳೆಯುವುದನ್ನು ಕಲಿಸಿದ್ದಳು. ಏಕೆಂದು ಹೇಳುವುದನ್ನು ಮರೆತಿದ್ದಳು.

ಟೀಚರ್ ನಗು ಮುಚ್ಚಲು ಕೆಮ್ಮಿದರು. ಇಂಚಜ್ಜಿ ಆ ಕಡೆ ತಿರುಗಿಯೂ ನೋಡದೆ, ಕಾಗದದ ಪಟ್ಟಿಯೊಂದರ ಮೇಲೆ ಮೂರರಿಂದ ಹತ್ತರವರೆಗೆ ಇಂಚು ಗುರುತು ಹಾಕಿ ಮಗುವಿನ ಮುಂದಿಟ್ಟಳು.

"ಇದು ಎಲ್ಲಿಂದ ಶುರುವೇ?"

"ಮೂರು."

"ಹಂಗಾದ್ರೆ ಎಷ್ಟು ಕಳೀತೀ?"

"ಮೂರು."

"ಟೀಚರ್ ಸ್ಕೇಲು ನೋಡು. ಮೊದಲು ಅದ್ರ ಮೂತಿ ನೋಡ್ಬೇಕು."

ಟೀಚರ್ ಚೀಲದಿಂದ ಸ್ಕೇಲು, ಪೆನ್ಸಿಲ್ ತೆಗೆದುಕೊಟ್ಟರು. ಮಗು ಸ್ಕೇಲಿನ ತುದಿಯನ್ನು ಬೆರಳಲ್ಲಿ ಸವರಿತು. "ಸೊನ್ನೆಯಿಂದ ಇದೆ. ಇದ್ರ ಮೂತಿ ಯಾರೂ ಕತ್ತರಿಸಿಲ್ಲ." ಪೆನ್ಸಿಲ್ ಅಳೆದು ಐದು ಎಂದಿತು, ನಾಲಿಗೆ ಕಚ್ಚಿಕೊಂಡು ಆರು ಎಂದಿತು.

"ಅರ್ಥವೇನೋ ಆಗಿದೆ, ಅಭ್ಯಾಸ ಬಿಟ್ಟಿಲ್ಲ," ಎಂದರು ಟೀಚರ್. "ಸೋಮವಾರದವರೆಗೆ ಸಂಜೆ ನಮ್ಮನೆಗೆ ಕಳಿಸಿ ಅಜ್ಜಿ. ನಾನೇ ತಿದ್ದಿ ಕೊಡ್ತೀನಿ."

ಇಂಚಜ್ಜಿ ಎರಡನೇ ಪಟ್ಟಿ ಕತ್ತರಿಸತೊಡಗಿದ್ದಳು.

"ಬೇಡ ತಾಯಿ. ತಪ್ಪು ಹೊಲಿದವಳೇ ಬಿಚ್ಚಿ ಹೊಲೀಬೇಕು, ಅದು ನಮ್ಮ ಕಸುಬು. ಇನ್ನು ಮೂರು ದಿನ ಇದೆ. ನೀವು ಮನೆಗೆ ಹೋಗಿ ಬೇರೆ ಮಕ್ಕಳ ಪೇಪರ್ ತಿದ್ದಿ, ಇವಳನ್ನ ನಾನು ತಿದ್ತೀನಿ."